ನಲವತ್ತೊಂದು ಗಾಜಿನ ಪಟ್ಟಿಗಳು

ಫೆಬ್ರವರಿ 11, ಬುಧವಾರ, ಮಧ್ಯಾಹ್ನ

…ಅಲ್ಲ, ಹಾಗಲ್ಲ, ಕ್ಷಮಿಸಿ ಭಾವ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಇದು ನಾಲ್ಕನೇ ಸಲ. ಮೊದಲನೇ ಸಲ ಕೆಳಗೆ ಲಾರಿಯವನು ಹಾರನ್ ಹೊಡೆದ. ಎರಡನೇ ಸಲ ಮಾತು ಎಲ್ಲೆಲ್ಲೋ ಹೋಯ್ತು. ಮೂರನೇದ್ರಲ್ಲಿ ಚೆನ್ನಾಗೇ ಹೇಳಿದ್ದೆ, ಕಳಿಸೋ ಬದಲು ಅಳಿಸಿಬಿಟ್ಟೆ. ಬೆರಳು ತಪ್ತೋ ಮನಸ್ಸು ತಪ್ತೋ ಗೊತ್ತಿಲ್ಲ.

ಮಾತು ರೆಕಾರ್ಡ್ ಮಾಡಿ ಅಕ್ಕನ ಫೋನಿಗೆ ಕಳಿಸ್ತಿದ್ದೀನಿ. ಅಕ್ಕಾ, ನೀನೊಬ್ಬಳೇ ಕೇಳ್ಕೊಂಡು ಸುಮ್ಮನಾಗ್ಬೇಡ, ಭಾವನ ಪಕ್ಕದಲ್ಲಿ ಕೂತು ಹಾಕು. ನಿಮಗೆ ಫೋನು ಕಿವಿಗೆ ಹಿಡಿದ್ರೆ ಮಾತು ಬರಲ್ಲ ಭಾವ, ನನಗೆ ಪೆನ್ನು ಹಿಡಿದ್ರೆ ಬರಲ್ಲ. ಐವತ್ತು ವರ್ಷ ಆಯ್ತು, ಮಾತೊಂದೇ ನನ್ನ ಕೈಲಾಗೋದು.

ವಿಷಯ ಏನಪ್ಪಾ ಅಂದ್ರೆ, ನಿಮಗೆ ಅಂತ ಇಟ್ಟಿರೋ ಆರನೇ ನಂಬರ್ ಮಳಿಗೆ ಇನ್ನೂ ಖಾಲಿ ಇದೆ.

ನಾನೀಗ ಹೊಸ ಕಟ್ಟಡದ ತಾರಸಿ ಮೇಲೆ ನಿಂತಿದ್ದೀನಿ, ನೀರಿನ ಟ್ಯಾಂಕಿನ ನೆರಳಲ್ಲಿ. ಕೆಳಗೆ ನನ್ನ ರಟ್ಟಿನ ಡಬ್ಬದ ಕಾರ್ಖಾನೆ. ಕಾರ್ಖಾನೆ ಅಂದ್ರೆ ನೀವು ನಗ್ತೀರಿ, ಆದ್ರೆ ಈಗ ಬೋರ್ಡಲ್ಲೇ ಹಾಗೆ ಬರೆಸಿದ್ದಾರೆ. ಹಳೇ ಬೀದೀಲಿ ನಾನು, ಒಂದು ಕತ್ತರಿ ಯಂತ್ರ, ಒಂದು ಅಂಟಿನ ಬಕೆಟ್ಟು, ಅಷ್ಟೇ ಇದ್ದಿದ್ದು. ಈಗ ಕೈಕೆಳಗೆ ಆರು ಜನ. ಹೊಸಬರನ್ನ ಕೆಲಸಕ್ಕೆ ತಗೊಂಡ್ರೆ ಎರಡು ವರ್ಷ ಅರ್ಧ ಸಂಬಳ ಸರ್ಕಾರದ್ದು. ಮೂರು ವರ್ಷ ಬಾಡಿಗೆ ಇಲ್ಲ. ಕರೆಂಟಿಗೆ ರಿಯಾಯ್ತಿ. 'ಉದ್ಯಮ ಪ್ರೋತ್ಸಾಹ ಮತ್ತು ಪ್ರದೇಶ ಪುನರಭಿವೃದ್ಧಿ ಯೋಜನೆ', ಒಂದೇ ಉಸಿರಲ್ಲಿ ಹೇಳೋದು ನಾನು ಕಲಿತಿದ್ದೀನಿ. ಕಟಿಂಗ್ ಶಾಪಿನ ಯಜಮಾನರಿಗೆ ಇನ್ನೂ ಬರಲ್ಲ, 'ಆ ಉದ್ದ ಹೆಸರಿಂದು' ಅಂತಾರೆ. ಅವರ ಅಂಗಡಿ ನೆಲ ಬಿಳೀ ಟೈಲ್ಸು. 'ಒಂದು ಕೂದಲು ಬಿದ್ರೂ ಎದ್ದು ಕಾಣತ್ತೆ ಕಣಯ್ಯಾ, ನನ್ನ ಕಸುಬಿನವನಿಗೆ ಇದಕ್ಕಿಂತ ಶಿಕ್ಷೆ ಬೇಕಾ' ಅಂತ ದಿನಾ ಬೈತಾರೆ, ದಿನಾ ಗುಡಿಸ್ತಾರೆ.

ಐದನೇ ಮಳಿಗೆ ಟೈಲರಮ್ಮಂದು. ನಿಮ್ಮ ಪಕ್ಕಾನೇ, ಹಳೇ ಬೀದೀಲಿ ಇದ್ದ ಹಾಗೇ. ಮೊನ್ನೆ ಕೇಳಿದ್ರು, 'ನಿಮ್ಮ ಭಾವ ಯಾವಾಗ ಬರ್ತಾರೆ? ಪಕ್ಕದಲ್ಲಿ ಗಾಜು ಕೊಯ್ಯೋ ಸದ್ದಿಲ್ಲದೆ ನನ್ನ ಮಿಷನ್ನು ಓಡೋದೇ ಇಲ್ಲ.' ನಾನೇನೋ ಹೇಳಿ ಜಾರಿಕೊಂಡೆ.

ಕೆಡವಿದ ನಮ್ಮ ಬೀದೀಲಿದ್ದ ಇಪ್ಪತ್ಮೂರು ಅಂಗಡಿಗೂ ಹೊಸ ಕಟ್ಟಡದಲ್ಲಿ ಜಾಗ ಕೊಡಲೇಬೇಕು ಅಂತ ಯೋಜನೇಲೇ ಇದೆ. ಇಪ್ಪತ್ತೆರಡು ಜನ ಸಹಿ ಹಾಕಿದ್ದಾಯ್ತು. ನೀವೊಬ್ಬರೇ ಬಾಕಿ. ಕೊನೇ ದಿನ ಮಾರ್ಚ್ ಮೂವತ್ತೊಂದು, ಸಂಜೆ ಐದು ಗಂಟೆ. ನಾನು ಅಂಗಡಿಯವರ ಸಂಘದ ಕಾರ್ಯದರ್ಶಿ ಆಗಿರಬಹುದು, ಆದ್ರೆ ನಿಮ್ಮ ಸಹಿ ನಾನು ಹಾಕೋ ಹಾಗಿಲ್ಲ. ಅಂಗಡಿಯವರೇ ಯೋಜನೆ ಕಚೇರಿಗೆ ಬಂದು ಪುಸ್ತಕದಲ್ಲಿ ಹಾಕ್ಬೇಕು. ಆ ದಿನ ದಾಟಿದ್ರೆ ಮಳಿಗೆ ಹೊರಗಿನಿಂದ ಬರೋ ಹೊಸ ಉದ್ಯಮಕ್ಕೆ ಹೋಗತ್ತೆ.

ಬನ್ನಿ ಭಾವ. ಒಂದು ದಿನದ ಮಟ್ಟಿಗಾದ್ರೂ ಬನ್ನಿ.

ಇನ್ನೊಂದು ಮಾತು ಹೇಳೋದಿತ್ತು. ಗೋಡೆ ವಿಷಯ. ಬೇಡ, ಎದುರಿಗೆ ಸಿಕ್ಕಾಗ ಹೇಳ್ತೀನಿ. ಇಡ್ತೀನಿ. ಇಂತಿ ನಿಮ್ಮ ಡಬ್ಬಾ.

*

ಫೆಬ್ರವರಿ 20

ಡಬ್ಬಾ,

ನಿನ್ನ ಮಾತನ್ನು ನಿನ್ನ ಅಕ್ಕ ಎರಡು ಸಲ ಹಾಕಿ ಕೇಳಿಸಿದಳು. ಮೊದಲನೆಯದು ನನಗೆ, ಎರಡನೆಯದು ತನಗೆ. ನಿನ್ನ ದನಿ ಕೇಳಿ ಒಂದೂವರೆ ವರ್ಷವಾಯಿತು ಎಂದು ಲೆಕ್ಕ ಹೇಳಿ, ಒಳಗೆ ಹೋಗಿ ಪಾತ್ರೆ ತೊಳೆಯುತ್ತ ನಿಂತಳು.

ಆರನೇ ಮಳಿಗೆ ಬೇರೆ ಯಾರಿಗಾದರೂ ಆಗಲಿ. ಕಾರಣ ನಿನಗೆ ಗೊತ್ತಿದೆ. ಆದರೂ ಒಮ್ಮೆ ಬರೆದುಬಿಡುತ್ತೇನೆ, ಮತ್ತೆ ಕೇಳಬೇಡ.

ಆ ಬೀದಿಯಲ್ಲಿ ಯಾರ ಗೋಡೆ ಬಿರುಕು ಬಿಟ್ಟರೂ ನನ್ನನ್ನು ಕರೆಯುತ್ತಿದ್ದರು. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತಿ, ವಜ್ರದ ಮೊನೆಯಿಂದ ಅದರ ಮೇಲೆ ತಾರೀಕು ಗೀರಿ ಬರುತ್ತಿದ್ದೆ. ಗೋಡೆ ಕೂದಲೆಳೆಯಷ್ಟು ಜರುಗಿದರೂ ಆ ಗಾಜು ಒಡೆಯುತ್ತದೆ. ಒಡೆಯದೆ ಇದ್ದರೆ ಅದು ಹಳೆಯ ಬಿರುಕು, ಗೋಡೆ ಗಟ್ಟಿಯಾಗಿದೆ ಎಂದು ಅರ್ಥ. ಹೆದರಬೇಡಿ ಎಂದು ಹೇಳುತ್ತಿದ್ದೆ, ಅವರು ಹೆದರುತ್ತಿರಲಿಲ್ಲ. ಮೂವತ್ತು ವರ್ಷ, ಪ್ರತಿ ತಿಂಗಳ ಮೊದಲ ದಿನ, ನಲವತ್ತೊಂದು ಪಟ್ಟಿಗಳನ್ನೂ ನೋಡಿ ಬರುತ್ತಿದ್ದೆ. ಕಣ್ಣಿನ ಆಪರೇಷನ್ ಆದಾಗ ನಾಲ್ಕು ತಿಂಗಳು ಆ ಕೆಲಸ ನಿನಗೆ ವಹಿಸಿದೆ. ಯೋಜನೆಯ ಕಚೇರಿಯಿಂದ ಸರ್ವೆಯವರು ಬಂದ ದಿನ ನಲವತ್ತೊಂದೂ ಒಡೆದಿದ್ದವು. ನೋಡಲು ಮರೆತೆ ಎಂದು ನೀನು ಹೇಳಿದೆ. ಆ ಮರೆವನ್ನು ನಾನು ಅಂದೇ ಮನಸ್ಸಿನಿಂದ ಬಿಟ್ಟುಬಿಟ್ಟೆ. ನೋಡುವುದು ನನ್ನ ಕೆಲಸ, ಇನ್ನೊಬ್ಬರ ಕೈಗೆ ಕೊಟ್ಟದ್ದು ನನ್ನ ತಪ್ಪು.

ಎಷ್ಟು ವಾರದಿಂದ ಒಡೆದಿದ್ದವೋ. ಟೈಲರಮ್ಮನ ಮಗು ಆ ಗೋಡೆಯ ಬುಡದಲ್ಲೇ ಮಲಗುತ್ತಿತ್ತು. 'ನೀವು ನೋಡ್ಕೋತೀರಲ್ಲ, ನನಗೇನು ಭಯ' ಎನ್ನುತ್ತಿದ್ದರು. ಆ ಮಾತನ್ನು ಪ್ರತಿದಿನ ನೆನೆಯುತ್ತೇನೆ. ಅವರ ಪಕ್ಕದ ಮಳಿಗೆಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರಲಿ?

ಗಾಜು ಕೊಯ್ಯುವುದನ್ನು ಬಿಟ್ಟಿದ್ದೇನೆ. ಕಣ್ಣು ಚೆನ್ನಾಗಿದೆ. ಕೈಯ ಮೇಲೆ ನಂಬಿಕೆ ಇಲ್ಲ. ಇಲ್ಲಿ ಒಂದು ಪುಸ್ತಕದಂಗಡಿಯಲ್ಲಿ ಕೂತು ಪೆನ್ಸಿಲ್ಲು ರಬ್ಬರು ಮಾರುತ್ತೇನೆ. ರಬ್ಬರು ಕೆಳಗೆ ಬಿದ್ದರೆ ಒಡೆಯುವುದಿಲ್ಲ, ಅದೊಂದು ಸುಖ.

— ನಿನ್ನ ಭಾವ

*

ಮಾರ್ಚ್ 2, ಸೋಮವಾರ, ಬೆಳಗ್ಗೆ

ಭಾವ, ನಿಮ್ಮ ಕಾಗದ ಬಂತು. ಅಂಗಡೀಲಿ ಓದೋಕಾಗ್ಲಿಲ್ಲ, ಮೆಟ್ಟಿಲ ಕೆಳಗೆ ಮೀಟರ್ ಬೋರ್ಡ್ ಇದೆಯಲ್ಲ, ಅಲ್ಲಿ ನಿಂತು ಓದಿದೆ. ನಿಮಗೆಲ್ಲಿ ಗೊತ್ತು ಮೀಟರ್ ಬೋರ್ಡು, ನೀವು ನೋಡೇ ಇಲ್ಲ. ನೋಡಿ, ನೀವು ಇಲ್ಲೇ ಇದ್ದೀರಿ ಅನ್ನೋ ಹಾಗೇ ಮಾತಾಡ್ತಿರ್ತೀನಿ.

ಈ ಯೋಜನೆ ನಮ್ಮ ಬೀದಿಗೆ ಹೇಗೆ ಬಂತು ಅಂತ ನಿಮಗೆ ಪೂರ್ತಿ ಗೊತ್ತಿಲ್ಲ. ಆಗ ನೀವು ಆಸ್ಪತ್ರೇಲಿ. ಕಟಿಂಗ್ ಶಾಪಲ್ಲಿ ಸಭೆ ಸೇರಿದ್ವಿ, ಕುರ್ಚಿ ಸಾಲದೆ ಇಬ್ಬರು ಗಡ್ಡ ಮಾಡಿಸ್ಕೊಳ್ಳೋ ಕುರ್ಚೀಲೇ ಕೂತಿದ್ರು. ಕಚೇರಿಯವರು ಬಂದು ವಿವರಿಸಿದ್ರು. ಹಳೇ ವ್ಯಾಪಾರದ ಬೀದಿಗಳಿಗೆ ಅಂಕ ಹಾಕ್ತಾರಂತೆ. ಎಷ್ಟು ಶಿಥಿಲ ಆಗಿದ್ಯೋ ಅಷ್ಟು ಅಂಕ. ನಲವತ್ತೈದು ದಾಟಿದ್ರೆ ದುರಸ್ತಿಗೆ ನೆರವು: ಹೊಸ ಚಾವಣಿ, ಹೊಸ ವೈರಿಂಗು, ಚರಂಡಿ. ಎಲ್ಲರ ಕಣ್ಣೂ ಹೊಳೀತು. ಮಳೆಗಾಲದಲ್ಲಿ ನನ್ನ ರಟ್ಟು ನೆನೆದು ಪದರ ಪದರ ಏಳ್ತಿದ್ದಿದ್ದು ನೀವು ನೋಡಿದ್ದೀರಲ್ಲ. ಮನೇಲಿ ಕೂತು ನಾನೇ ಅಂಕ ಹಾಕಿ ನೋಡಿದೆ. ಎಷ್ಟು ಎಳೆದ್ರೂ ನಲವತ್ತು, ನಲವತ್ತೊಂದು. ಅದಕ್ಕಿಂತ ಮೇಲೆ ಹೋಗ್ಲಿಲ್ಲ. ಮೂವತ್ತು ವರ್ಷ ನೀವು ನೋಡ್ಕೊಂಡಿದ್ರಲ್ಲ, ಬೀದಿ ಅಷ್ಟು ಚೆನ್ನಾಗಿತ್ತು.

ಜೀವನದಲ್ಲಿ ಮೊದಲನೇ ಸಲ, ಚೆನ್ನಾಗಿದೆ ಅಂತ ಬೇಜಾರಾಗಿದ್ದು.

ಸಂಘದವರೆಲ್ಲ ಸೇರಿ ಒಂದಿಷ್ಟು ನಾಟಕ ಮಾಡಿದ್ವಿ, ಒಪ್ಕೋತೀನಿ. ಕಟಿಂಗ್ ಶಾಪಿನವರು ಒಳ್ಳೇ ಬೋರ್ಡು ಇಳಿಸಿ ತುಕ್ಕು ಹಿಡಿದಿದ್ದನ್ನ ನೇತು ಹಾಕಿದ್ರು. ಟೈಲರಮ್ಮ ಮಾತ್ರ ಒಪ್ಪಲಿಲ್ಲ. 'ನಾನು ಹರಿದಿದ್ದನ್ನ ಹೊಲಿಯೋಳು, ಹೊಲಿದಿದ್ದನ್ನ ಹರಿಯೋಕೆ ನನ್ನ ಕೇಳ್ಬೇಡಿ' ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದಾದ ಮೇಲೆ ನಾನು… ನೀವು ಹೇಳಿದ ಹಾಗೆ ತಿಂಗಳು ತಿಂಗಳು ಪಟ್ಟಿ ನೋಡೋದು ನನ್ನ ಜವಾಬ್ದಾರಿ ಆಗಿತ್ತಲ್ಲ. ಮರೆತೆ ಅಂತ ನಾನು ಹೇಳಿದ್ದು…

ರಟ್ಟಿನ ಗಾಡಿ ಬಂತು ಭಾವ. ಇಳಿಸ್ಕೋಬೇಕು. ಇಲ್ಲಿ ಈಗ ಒಂದು ಮಿನಿಟು ಬಾಗಿಲಲ್ಲಿ ನಿಲ್ಲಿಸಿದ್ರೂ ಕಾವಲಿನವನು ಬಂದು ಶಿಳ್ಳೆ ಊದ್ತಾನೆ. ನಿಮ್ಮ ಆರೋಗ್ಯ ನೋಡ್ಕೊಳ್ಳಿ. ಅಕ್ಕನಿಗೆ ಮೊಣಕಾಲು ಹೇಗಿದೆ ಕೇಳಿದೆ ಅನ್ನಿ. ನಿಮ್ಮ ಡಬ್ಬಾ.

*

ಮಾರ್ಚ್ 9

ತಮ್ಮಾ,

ಇದನ್ನು ನಾನೇ ಬರೆಯುತ್ತಿದ್ದೇನೆ, ನಿನ್ನ ಭಾವನಿಗೆ ಗೊತ್ತಿಲ್ಲ. ಮೊಣಕಾಲು ಹಾಗೇ ಇದೆ.

ಚಿಕ್ಕವನಿದ್ದಾಗ ಮನೆಯಲ್ಲಿ ಏನಾದರೂ ಒಡೆದು ಹಾಕಿದರೆ ನೀನು ಬಾಯಿ ಮುಚ್ಚುತ್ತಲೇ ಇರಲಿಲ್ಲ. ಅಂಗಳದ ವಿಷಯ, ಸ್ಕೂಲಿನ ವಿಷಯ, ಬೆಕ್ಕಿನ ವಿಷಯ, ಎಲ್ಲ ಹೇಳುತ್ತಿದ್ದೆ. ಅಷ್ಟು ಮಾತು ಕೇಳಿದ ತಕ್ಷಣ ಅಮ್ಮ ಎದ್ದು ಹೋಗಿ ಪಾತ್ರೆಗಳನ್ನು ಎಣಿಸುತ್ತಿದ್ದಳು.

ನಿನ್ನ ಎರಡು ಸಂದೇಶಗಳನ್ನೂ ನಾನು ಮತ್ತೆ ಕೇಳಿದೆ. ಏನು ಒಡೆದೆ?

ಒಡೆದಿದ್ದರೆ ಬೇಗ ಹೇಳು. ಮೂವತ್ತೊಂದನೇ ತಾರೀಕು ದೂರವಿಲ್ಲ. ನಿನ್ನ ಭಾವ ಬೆಳಗ್ಗೆ ಎದ್ದು ತಮ್ಮ ಕೈಯನ್ನೇ ನೋಡುತ್ತ ಕೂರುತ್ತಾರೆ. ನನಗೆ ನೋಡಲಾಗುವುದಿಲ್ಲ.

— ಅಕ್ಕ

*

ಮಾರ್ಚ್ 30, ಸೋಮವಾರ, ಸಂಜೆ

ಅಕ್ಕಾ, ಮೊದಲು ನಿನಗೆ. ನೀನು ಕೇಳಿ ಮೂರು ವಾರ ಆಯ್ತು. ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಒಂದು ಸಲ ಟಿಕೆಟ್ಟೂ ತಗೊಂಡಿದ್ದೆ. ಆರು ಗಂಟೆ ಪ್ರಯಾಣ, ಆರು ಗಂಟೇಲಿ ಮಾತು ಜೋಡಿಸ್ಕೋಬಹುದು ಅಂದ್ಕೊಂಡೆ. ಬಸ್ಸು ಹೊರಡೋಕೆ ಮುಂಚೆ ಇಳಿದುಬಿಟ್ಟೆ. ಈಗ ಭಾವನ್ನ ಕೂರಿಸು. ಫೋನು ಮಧ್ಯ ಇಡು.

ಭಾವ, ನಾನು ಮರೆತಿರಲಿಲ್ಲ. ನಾಲ್ಕು ತಿಂಗಳೂ ಮೊದಲನೇ ತಾರೀಕು ಹೋಗಿ ನೋಡಿದ್ದೆ. ನಲವತ್ತೊಂದರಲ್ಲಿ ಒಂದೂ ಒಡೆದಿರಲಿಲ್ಲ. ಗೋಡೆ ಜರುಗಿರಲಿಲ್ಲ. ಪಟ್ಟಿ ಒಡೆದಿದ್ದು ನಾನು.

ಸರ್ವೆಗೆ ಎರಡು ದಿನ ಇತ್ತು. ಮಧ್ಯಾಹ್ನ ಊಟದ ಹೊತ್ತು, ಎಲ್ಲರೂ ಶಟರ್ ಅರ್ಧ ಇಳಿಸಿರ್ತಾರಲ್ಲ, ಆಗ ಹೋದೆ. ಯಾರೂ ಏನೂ ಕೇಳಲಿಲ್ಲ. ನಿಮ್ಮ ಕೆಲಸ ಅಂತ ಎಲ್ಲರೂ ಒಳಗೆ ಬಿಟ್ಕೊಂಡ್ರು. ಟೈಲರಮ್ಮ ಸ್ಟೂಲು ತಂದು ಕೊಟ್ರು, 'ಬಿದ್ದೀರಾ ಹುಷಾರು' ಅಂದು ಊಟಕ್ಕೆ ಒಳಗೆ ಹೋದ್ರು. ಸ್ಕ್ರೂಡ್ರೈವರ್ ಹಿಡಿ ಇಟ್ಟು ಹೆಬ್ಬೆರಳಲ್ಲಿ ಒತ್ತಿದ್ರೆ ಸಾಕು, ಟಿಕ್ ಅನ್ನೋದು. ಪೆನ್ಸಿಲ್ ಮುರಿದ ಹಾಗೆ. ಅಷ್ಟೇ ಸದ್ದು. ಒಂದೊಂದರ ಮೇಲೂ ನಿಮ್ಮ ಕೈಬರಹದ ತಾರೀಕು. ನಾನು ತಾರೀಕು ಓದ್ದೇ ಇರೋಕೆ ಬೇರೆ ಕಡೆ ನೋಡ್ತಿದ್ದೆ.

ಬಿರುಕಿಗೆ ಒಂದು ಅಂಕ, ಪಟ್ಟಿ ಒಡೆದ ಬಿರುಕಿಗೆ ಎರಡು ಅಂಕ, ನಾಲ್ಕೈದೇ ಒಡೆದ್ರೆ ಅನುಮಾನ ಬರತ್ತೆ, ಎಲ್ಲಾನೂ ಒಡೆದ್ರೆ ನಲವತ್ತೈದು ದಾಟತ್ತೆ, ಚಾವಣಿ ಬರತ್ತೆ. ಆಣೆಗೂ ಇಷ್ಟೇ ಇದ್ದಿದ್ದು ನನ್ನ ತಲೇಲಿ. ಯೋಜನೆ ಪುಸ್ತಕದ ಹನ್ನೊಂದನೇ ಪುಟ ನಾನು ಓದಿರಲಿಲ್ಲ. ಗೋಡೆ ಜರುಗ್ತಿರೋ ಗುರುತು ಕಂಡ್ರೆ ಅಂಕ ಗಿಂಕ ಏನೂ ಲೆಕ್ಕಕ್ಕಿಲ್ಲ, ದುರಸ್ತಿಯ ಮಾತೇ ಇಲ್ಲ, ಕೆಡವಿ ಹೊಸದು ಕಟ್ಟೋದೇ ಅಂತ ಅಲ್ಲಿ ಬರೆದಿತ್ತು.

ಕೊನೇದು ನಿಮ್ಮ ಅಂಗಡೀದು. ಮೇಜಿನ ಮೇಲ್ಗಡೆ ಇತ್ತಲ್ಲ, ಅಕ್ಕನ ಮದುವೆ ವಾರದಲ್ಲಿ ಹಾಕಿದ್ದು, ಎಲ್ಲಕ್ಕಿಂತ ಹಳೇದು. ಅದು ಜಪ್ಪಯ್ಯ ಅಂದ್ರೂ ಒಡೀಲಿಲ್ಲ. ಜೋರಾಗಿ ಒತ್ತಿದೆ, ಹೆಬ್ಬೆರಳು ಕೊಯ್ಕೊಂಡಿತು. ನೀವು ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಕಪ್ಪು ಕನ್ನಡಕ ಹಾಕ್ಕೊಂಡು ಹಿಂದಿನ ಬಾಗಿಲಿಂದ ಬಂದ್ರಿ. 'ಏನಾಯ್ತೋ' ಅಂದ್ರಿ. ರಟ್ಟು ಕೊಯ್ತು ಅಂದೆ. ನೀವು ಬೆರಳು ತಡವಿ, ಬಟ್ಟೆ ಹರಿದು ಕಟ್ಟಿದ್ರಿ. 'ಡಬ್ಬಾ, ರಟ್ಟಿನ ಕೈಲಿ ಕೊಯ್ಸ್ಕೊಳ್ಳೋ ಗಂಡಸು ನೀನೊಬ್ಬನೇ ಕಣೋ' ಅಂತ ನಕ್ಕಿರಿ.

ಸರ್ವೆ ದಿನ ನಿಮ್ಮ ಮುಖ ನಾನು ನೋಡಿದೆ ಭಾವ. ಆ ಇಂಜಿನಿಯರ್ ಹುಡುಗಿ ಟಾರ್ಚ್ ಹಿಡಿದ್ರೆ ನೀವು ಬೆರಳಿಂದ ಮುಟ್ಟಿ ಮುಟ್ಟಿ ನೋಡ್ತಿದ್ರಿ. ಒಂದಾದ ಮೇಲೆ ಒಂದು. ಎಲ್ಲ ಮುಗಿದ ಮೇಲೆ ಬೀದಿ ನಡುವೆ ನಿಂತು, 'ಇವತ್ತೇ ಮಕ್ಕಳನ್ನ ಹೊರಗೆ ಕರ್ಕೊಳ್ಳಿ, ನನ್ನ ಮಾತು ನಂಬಿದ್ದು ಸಾಕು' ಅಂದ್ರಿ. ಅಲ್ಲೀವರೆಗೂ ಅರ್ಧ ಜನ ಕೆಡವೋದು ಬೇಡ ಅಂತ ಜಗಳ ಆಡ್ತಿದ್ರು. ನೀವು ಹೇಳಿದ ಮೇಲೆ ಆ ಜಗಳ ಅಲ್ಲಿಗೇ ಮುಗೀತು. ಒಪ್ಪಿಗೆ ಕಾಗದಕ್ಕೆ ಮೊದಲ ಸಹಿ ನಿಮ್ಮದು. ನಾನು ಪಕ್ಕದಲ್ಲೇ ಪೆನ್ನು ಹಿಡ್ಕೊಂಡು ನಿಂತಿದ್ದೆ. ಆಗ ಬಾಯಿ ಬಿಟ್ಟಿದ್ರೆ ಬೀದಿ ಉಳೀತಿತ್ತು. ಮೊದಲ ದಿನ ಭಯ ಆಯ್ತು ಭಾವ. ಆಮೇಲೆ ಆಸೆ ಆಯ್ತು. ಬಾಡಿಗೆ ಇಲ್ಲ, ಆರು ಜನ ಕೆಲಸಗಾರರು, ಬೋರ್ಡಲ್ಲಿ ಕಾರ್ಖಾನೆ. ಇನ್ನೇನು ಅಂತ ಸುಮ್ಮನಾದೆ. ಊರೆಲ್ಲ ಮಾತಾಡೋ ನಾನು ಅದೊಂದು ಕಡೆ ಸುಮ್ಮನಾದೆ.

ನೀವು ಹೊರಟು ಹೋದ ಮೇಲೆ ಕೆಡವಿದ್ರು. ಬೀಳೋ ಹಾಗಿದೆ ಅಂದ ಗೋಡೆಗೆ ಹನ್ನೊಂದು ದಿನ ಹಿಡೀತು. ಯಂತ್ರದವನು ಬೆವರು ಒರೆಸ್ಕೊಂಡು, 'ಯಾರ್ರೀ ಇದು ಬೀಳತ್ತೆ ಅಂದೋರು, ಇದರ ಮುಂದೆ ನನ್ನ ಯಂತ್ರಾನೇ ಬೀಳತ್ತೆ' ಅಂದ. ಎಲ್ಲರೂ ನಕ್ಕರು. ನಿಮ್ಮ ಗೋಡೆ ಎಲ್ಲಕ್ಕಿಂತ ಕೊನೇಗೆ ಬಿತ್ತು.

ನಿಮ್ಮ ಕೈ ತಪ್ಪಲಿಲ್ಲ. ನಿಮ್ಮ ಕಣ್ಣು ತಪ್ಪಲಿಲ್ಲ. ಟೈಲರಮ್ಮನ ಮಗು ಒಂದು ದಿನವೂ ಅಪಾಯದಲ್ಲಿ ಮಲಗಲಿಲ್ಲ. ಇಷ್ಟೇ. ನಾಳೆ ಸಂಜೆ ಐದರವರೆಗೆ ಪುಸ್ತಕ ತೆರೆದಿರತ್ತೆ. ಕಚೇರಿ ಬಾಗಿಲಲ್ಲೇ ಕಾಯ್ತಿರ್ತೀನಿ. ನಿಮ್ಮ… ಡಬ್ಬಾ.

*

ಏಪ್ರಿಲ್ 19

ಡಬ್ಬಾ,

ಬರೆಯಲು ಇಷ್ಟು ದಿನ ಹಿಡಿಯಿತು.

ನಿನ್ನ ಅಕ್ಕನ ಫೋನು ರಿಪೇರಿಗೆ ಹೋಗಿತ್ತು. ಮೂವತ್ತೊಂದನೇ ತಾರೀಕು ಮಧ್ಯಾಹ್ನ ಕೈಗೆ ಬಂತು. ಒಂದೂವರೆಗೆ ನಿನ್ನ ಮಾತು ಕೇಳಿದೆವು. ಮುಗಿದ ಮೇಲೆ ನಾನು ಎದ್ದು ಶರ್ಟು ಹಾಕಿಕೊಂಡೆ, ಗುಂಡಿ ಹಾಕಿದೆ, ಚಪ್ಪಲಿ ಮೆಟ್ಟಿದೆ. ಆರು ಗಂಟೆಯ ದಾರಿ. ಬಾಗಿಲ ಬಳಿ ಹೋದ ಮೇಲೆ ಗಡಿಯಾರ ನೋಡಿದೆ. ಐದು ಗಂಟೆ ಆಗುವ ತನಕ ಆ ಶರ್ಟಿನಲ್ಲೇ ಕುರ್ಚಿಯ ಮೇಲೆ ಕೂತಿದ್ದೆ. ನಿನ್ನ ಅಕ್ಕ ಚಹಾ ತಂದಿಟ್ಟಳು.

ಒಂದು ದಿನ ಮುಂಚೆ ಹೇಳಿದ್ದರೆ ಬರುತ್ತಿದ್ದೆ. ಇದನ್ನು ನಿನ್ನನ್ನು ನೋಯಿಸಲು ಬರೆಯುತ್ತಿಲ್ಲ. ಅಥವಾ ಅದಕ್ಕೂ ಬರೆಯುತ್ತಿರಬಹುದು.

ನೀನು ಹೆಬ್ಬೆರಳಿನ ಮಾತು ತೆಗೆದೆ. ಅಂದು ನನಗೆ ಕಣ್ಣು ಕಾಣುತ್ತಿರಲಿಲ್ಲ, ಬೆರಳಿನಿಂದಲೇ ತಡವಿ ನೋಡಿದೆ. ರಟ್ಟು ಕೊಯ್ದ ಗಾಯದ ಅಂಚು ಒರಟಾಗಿರುತ್ತದೆ. ಅದು ನಯವಾಗಿತ್ತು, ಆಳವಾಗಿತ್ತು. ಗಾಜಿನ ಗಾಯವೆಂದು ಕೈ ತಕ್ಷಣ ಹೇಳಿತು. ನಲವತ್ತು ವರ್ಷ ನನ್ನ ಬೆರಳಿನಲ್ಲೇ ನೋಡಿದ ಗಾಯ. ನೀನು ರಟ್ಟು ಎಂದೆ. ನಾನು ನಿನ್ನನ್ನು ನಂಬಿದೆ, ಕೈಯನ್ನು ನಂಬಲಿಲ್ಲ. ಆಮೇಲೆ ಕೈ ಏನು ಹೇಳಿದರೂ ನಂಬಿಕೆ ಬರಲಿಲ್ಲ.

ನನಗೆ ಹೇಳಿದೆ, ಸರಿ. ಬೀದಿಯವರು ಇನ್ನೂ ಇಪ್ಪತ್ತೊಂದು ಜನ ಇದ್ದಾರೆ. ಅವರು ಇವತ್ತಿಗೂ ನಾನು ನೋಡದೆ ಬಿಟ್ಟೆ ಎಂದುಕೊಂಡಿದ್ದಾರೆ. ಅವರಿಗೂ ಹೇಳು. ಫೋನಿನಲ್ಲಿ ಅಲ್ಲ. ಎದುರಿಗೆ ನಿಂತು.

— ಭಾವ

*

ಮೇ 6, ಬುಧವಾರ, ಮಧ್ಯಾಹ್ನ

ಭಾವ, ಹೇಳಿದೆ.

ಭಾನುವಾರ ಸಭೆ ಕರೆದಿದ್ದೆ. ಈಗ ಸಭೆಗೆ ಅಂತಲೇ ಒಂದು ಹಾಲ್ ಇದೆ, ಎಲ್ಲರಿಗೂ ಕುರ್ಚಿ ಇದೆ, ಮೈಕೂ ಇದೆ. ಮೈಕು ಬೇಡ ಅಂದೆ. ನಿಂತ್ಕೊಂಡೇ ಹೇಳಿದೆ. ನೀವು ನಂಬಲ್ಲ, ಐದೇ ನಿಮಿಷದಲ್ಲಿ ಮುಗೀತು. ಅಷ್ಟು ಚಿಕ್ಕದಾಗಿ ನಾನು ಯಾವತ್ತೂ ಮಾತಾಡಿಲ್ಲ.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ರೆ ವಾಸಿ ಇತ್ತು. ಹಿಂದಿನ ಸಾಲಿಂದ ಒಬ್ಬರು, 'ಹೋಗ್ಲಿ ಬಿಡಿ, ಹೊಸ ಕಟ್ಟಡ ಸಿಕ್ತಲ್ಲ' ಅಂದ್ರು. ಅದಕ್ಕೆ ಕಟಿಂಗ್ ಶಾಪಿನ ಯಜಮಾನರು ತಿರುಗಿ, 'ಕಟ್ಟಡ ಸಿಕ್ತು. ಆ ಮನುಷ್ಯನ್ನ ಒಂದೂವರೆ ವರ್ಷ ನಾನು ನನ್ನ ಕುರ್ಚೀಲಿ ಕೂತವರ ಮುಂದೆಲ್ಲ ಬೈದಿದ್ದೀನಿ. ಅದನ್ನ ಎಲ್ಲಿಂದ ವಾಪಸ್ ತರ್ಲಿ' ಅಂದ್ರು. ಆಮೇಲೆ ನನ್ನ ಕಡೆ ನೋಡಿ, 'ನಿನ್ನ ಕೂದಲು ಬೆಳೆದಿದೆ. ಬೇರೆ ಕಡೆ ಕತ್ತರಿಸ್ಕೋ' ಅಂದ್ರು. ಅಷ್ಟೇ.

ಟೈಲರಮ್ಮ ಒಂದೇ ಮಾತು ಕೇಳಿದ್ರು. 'ನಾನು ಕೊಟ್ಟ ಸ್ಟೂಲ್ ಮೇಲೇನಾ ಹತ್ತಿದ್ದು?' ಹೂಂ ಅಂದೆ. ಎದ್ದು ಹೋದ್ರು. ಅವತ್ತಿಂದ ನನ್ನ ಜೊತೆ ಮಾತಿಲ್ಲ. ಎದುರು ಸಿಕ್ಕಿದ್ರೆ ಅಳತೆ ಪಟ್ಟಿ ಸುತ್ತಿಕೊಂಡು ಒಳಗೆ ಹೋಗ್ತಾರೆ.

ಕಾರ್ಯದರ್ಶಿ ಕೆಲಸ ಬಿಟ್ಟೆ. ಬಿಡಿಸಿದ್ರು ಅನ್ನೋದು ಸರಿ. ಕಚೇರಿಗೂ ಬರೆದು ಕೊಟ್ಟೆ, ಹೀಗೆ ಹೀಗೆ ಮಾಡಿದ್ದೀನಿ ಅಂತ. ಗುಮಾಸ್ತರು ಎರಡು ಸಲ ಓದಿದ್ರು. 'ಕಟ್ಟಡ ಬಿದ್ದೂ ಆಯ್ತು, ಎದ್ದೂ ಆಯ್ತು. ಇದನ್ನ ಯಾವ ಫೈಲಿಗೆ ಹಾಕ್ಲಿ ಸ್ವಾಮಿ?' ಅಂತ ನನ್ನನ್ನೇ ಕೇಳಿದ್ರು. ಸಾಹೇಬರ ಮೇಜಿಗೆ ಹೋಗಿದೆ. ಏನಾಗತ್ತೋ ಆಗ್ಲಿ, ಬೋರ್ಡು ಇಳಿಸಿ ಅಂದ್ರೆ ಇಳಿಸ್ತೀನಿ. ಆರು ಜನರಿಗೆ ಏನು ಹೇಳೋದು ಅನ್ನೋದೊಂದೇ.

ಆರನೇ ಮಳಿಗೆ ಹೋಯ್ತು ಭಾವ. ಫೋನಲ್ಲಿ ಸಾಮಾನು ತರಿಸ್ತಾರಲ್ಲ, ಅದನ್ನ ಕಟ್ಟಿ ಕಳಿಸೋ ಕಂಪನಿ. ಒಳ್ಳೇ ಹುಡುಗರೇ. ದಿನಾ ಇನ್ನೂರು ಡಬ್ಬ ನನ್ನ ಹತ್ರಾನೇ ತಗೋತಾರೆ. ನಿಮ್ಮ ಜಾಗಕ್ಕೆ ನಾನೇ ಡಬ್ಬ ಹೊತ್ಕೊಂಡು ಹೋಗಿ ಇಳಿಸಿ ಬರ್ತೀನಿ. ಕೆಲಸದವರನ್ನ ಕಳಿಸಬಹುದು, ಕಳಿಸಲ್ಲ.

ಅಂದ ಹಾಗೆ ಐದು ಆರರ ನಡುವಿನ ಗೋಡೇಲಿ ಒಂದು ಬಿರುಕು ಕಂಡಿದೆ. ಕೂದಲಷ್ಟು ತೆಳ್ಳಗೆ, ಮೊಳದುದ್ದ. ಟೈಲರಮ್ಮನ ಕಡೆ ಚೆನ್ನಾಗಿ ಕಾಣತ್ತೆ. ಕಟ್ಟಿಸಿದವರು ಬಂದು 'ಬಣ್ಣದ ಬಿರುಕು, ಏನಿಲ್ಲ' ಅಂದು ಹೋದ್ರು. ಟೈಲರಮ್ಮ ಮಿಷನ್ನನ್ನ ಆ ಗೋಡೆಯಿಂದ ದೂರ ಎಳ್ಕೊಂಡಿದ್ದಾರೆ. ಹೆದರಬೇಡಿ ಅಂದ್ರೆ ನಂಬೋ ಅಂಥವರು ಈಗ ಇಲ್ಲಿ ಯಾರೂ ಇಲ್ಲ.

ಸಾಕು. ಡಬ್ಬಾ.

*

ಜೂನ್ 3

ಡಬ್ಬಾ,

ಕಟಿಂಗ್ ಶಾಪಿನವರು ಫೋನ್ ಮಾಡಿದ್ದರು. ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ, ಅವರಿಗೆ ಅವತ್ತು ಬರಲಿಲ್ಲ.

ಪುಸ್ತಕದಂಗಡಿಯ ಎದುರಿಗೆ ಫೋಟೋಗಳಿಗೆ ಚೌಕಟ್ಟು ಹಾಕುವವರು ಒಬ್ಬರಿದ್ದಾರೆ. ಅವರ ಬಳಿ ಹೋಗಿ ಒಂದು ತುಂಡು ಗಾಜು ಕೇಳಿದೆ. ಮೊದಲನೆಯದು ಸೊಟ್ಟ ಹೋಯಿತು. ಎರಡನೆಯದು ನೇರ ಬಂತು. ಈಗ ದಿನಕ್ಕೆ ಎರಡು ಗಂಟೆ ಅಲ್ಲಿ ಕೂರುತ್ತೇನೆ. ಇನ್ನು ಆ ಕಡೆಗೆ ಬರುವುದಿಲ್ಲ. ಬರಲು ಅಲ್ಲಿ ಜಾಗವೂ ಇಲ್ಲ. ನಿನ್ನ ಅಕ್ಕನಿಗೆ ನಿನ್ನನ್ನು ನೋಡಬೇಕಂತೆ. ನನಗೆ ಇನ್ನೂ ಸ್ವಲ್ಪ ದಿನ ಬೇಕು.

ಟೈಲರಮ್ಮನ ಹೆಸರಿಗೆ ಒಂದು ಪೊಟ್ಟಣ ಕಳಿಸಿದ್ದೇನೆ. ಹತ್ತಿಯಲ್ಲಿ ಸುತ್ತಿದ ಒಂದು ಪಟ್ಟಿ, ತಾರೀಕು ಗೀರಿದ್ದೇನೆ. ಹೇಗೆ ಅಂಟಿಸಬೇಕು, ಯಾವಾಗ ನೋಡಬೇಕು ಎಂದು ಅವರಿಗೇ ಬರೆದಿದ್ದೇನೆ.

ನೀನು ಅದನ್ನು ಮುಟ್ಟಬೇಡ. ಅವರು ಕರೆದರೆ ಹೋಗಿ ಏಣಿ ಹಿಡಿ. ಕರೆಯದಿದ್ದರೆ ನಿನ್ನ ಅಂಗಡಿಯಲ್ಲಿ ಇರು.

— ಭಾವ

*

ಜೂನ್ 17, ಬುಧವಾರ, ಬೆಳಗ್ಗೆ

ಭಾವ, ಹೆಚ್ಚು ಹೊತ್ತು ಮಾತಾಡಲ್ಲ. ಹಾಗಂತ ಪ್ರತಿ ಸಲ ಹೇಳ್ತೀನಿ, ಗೊತ್ತು.

ಪೊಟ್ಟಣ ಬಂದು ಒಂಬತ್ತು ದಿನ ಆಯ್ತು. ಅಂಚೆಯವರು ತಪ್ಪಿ ನನ್ನ ಅಂಗಡಿಗೇ ತಂದಿದ್ರು. ನಾನು ಎರಡು ಕೈನೂ ಬೆನ್ನ ಹಿಂದೆ ಕಟ್ಕೊಂಡು, 'ಐದನೇ ಮಳಿಗೆ, ಅಲ್ಲಿಗೆ ಕೊಡಿ' ಅಂದೆ. ಅವರು ನನ್ನ ವಿಚಿತ್ರವಾಗಿ ನೋಡಿದ್ರು. ಅವತ್ತಿಂದ ಪ್ರತಿದಿನ ಬೆಳಗ್ಗೆ ಅಂಗಡಿ ತೆಗೆದು ಬಾಗಿಲ ಹತ್ರಾನೇ ಕೂತ್ಕೋತೀನಿ. ಡಬ್ಬ ಮಡಚೋ ಕೆಲಸಾನೂ ಅಲ್ಲೇ ತಂದಿಟ್ಕೊಂಡಿದ್ದೀನಿ. ಏಣಿ ಒರಗಿಸಿಟ್ಟಿದ್ದೀನಿ, ಕಾಣೋ ಹಾಗೆ. ಕೆಲಸದ ಹುಡುಗಿ ಒಬ್ಬಳು, 'ಬಣ್ಣ ಹೊಡೆಸ್ತೀರಾ ಸಾರ್' ಅಂತ ಕೇಳಿದ್ಲು.

ಟೈಲರಮ್ಮ ಬರ್ತಾರೆ, ಏಣಿ ನೋಡ್ತಾರೆ, ಹೋಗ್ತಾರೆ. ಒಂಬತ್ತು ದಿನ.

ಕಚೇರಿಯಿಂದ ಕಾಗದ ಬಂದಿದೆ. ಮುಂದಿನ ತಿಂಗಳಿಂದ ನನಗೆ ಬಾಡಿಗೆ ರಿಯಾಯ್ತಿ ಇಲ್ಲ. ಕೆಲಸದವರ ಸಂಬಳದ ಪಾಲು ಮುಂದುವರಿಯತ್ತಂತೆ, ಅವರದ್ದೇನು ತಪ್ಪು ಅಂತ ಬರೆದಿದ್ದಾರೆ. ಬರೆದವರು ಯಾರೋ, ಒಳ್ಳೇ ಮನುಷ್ಯ. ಬೋರ್ಡಿಂದ 'ಕಾರ್ಖಾನೆ' ನಾನೇ ತೆಗೆಸ್ತಿದ್ದೀನಿ. ಡಬ್ಬ ಅಂತಿದ್ರೆ ಸಾಕು.

ಅಕ್ಕಾ, ನಿನ್ನ ನೋಡೋಕೆ ಬರ್ತೀನಿ. ಭಾವ ಹೂಂ ಅನ್ನೋವರೆಗೆ ನಿಮ್ಮೂರ ಬಸ್ ಸ್ಟ್ಯಾಂಡಲ್ಲೇ ನಿನ್ನ ಮಾತಾಡಿಸ್ಕೊಂಡು ವಾಪಸ್ ಬರ್ತೀನಿ. ಈ ಸಲ ಬಸ್ಸಿಂದ ಇಳಿಯಲ್ಲ.

ಭಾವ, ಒಂದು ವಿಷಯ ಕೇಳ್ಬೇಕಿತ್ತು. ಹಳೇ ಗೋಡೆ ಕೆಡವಿದಾಗ ನಿಮ್ಮ ಆ ಮೊದಲನೇ ಪಟ್ಟಿಯ ಅರ್ಧ ತುಂಡು, ಗಾರೆ ಸಮೇತ, ಮಣ್ಣಲ್ಲಿ ಸಿಕ್ಕಿತ್ತು. ತಾರೀಕು ಇರೋ ಅರ್ಧ. ಇಷ್ಟು ದಿನ ನನ್ನ ಡ್ರಾಯರಲ್ಲೇ ಇದೆ. ಅಕ್ಕನ ಕೈಲಿ ಕಳಿಸ್ಲಾ, ಬೇಡ್ವಾ? ಅದನ್ನ ನಾನು ಇಟ್ಕೊಳ್ಳೋದೂ ಸರಿಯಲ್ಲ, ಬಿಸಾಡೋದೂ—

ತಡೀರಿ.

ಟೈಲರಮ್ಮ ಹೊರಗೆ ಬಂದು ನಿಂತಿದ್ದಾರೆ. ಕೈಲಿ ಗಾರೆ ಬಟ್ಟಲು. ಅಲ್ಲಿಂದಲೇ ಕೇಳ್ತಿದ್ದಾರೆ, 'ಏನ್ರೀ ಡಬ್ಬದವರೇ, ಗಾರೆ ಒಣಗ್ತಾ ಇದೆ. ಏಣಿ ಹಿಡ್ಕೊಳ್ಳೋಕೆ ಬರ್ತೀರೋ, ಮಾತಾಡ್ತಾನೇ ಇರ್ತೀರೋ?'

ಬಂದೆ ಅಮ್ಮ, ಬಂದೆ.

ಇಡ್ತೀನಿ ಭಾವ.